ನಾನು ಬರೆದ ‘ಪಾಸ್ಡ್ ಅವೇ’

ಸಿರುಗುಪ್ಪದ ಶಾಲೆಗೆ ಎರಡನೆಯ ಮಾಸ್ತರನಾಗಿ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಹೆಡ್ಮಾಸ್ತರರು ಬಳ್ಳಾರಿಯ ವೈಷ್ಣವರು, ನಲವತ್ತು ದಾಟಿದವರು. ಹೆಂಡತಿಯನ್ನೂ ಅಣ್ಣನ ಸಂಸಾರವನ್ನೂ ಬಳ್ಳಾರಿಯ ಕೋಟೆಗುಡ್ಡದ ಕೆಳಗಿನ ಮನೆಯಲ್ಲಿ ಬಿಟ್ಟು, ಸಿರುಗುಪ್ಪದಲ್ಲಿ ಒಂದು ಕೋಣೆ ಹಿಡಿದು ತಾವೇ ಬೇಯಿಸಿಕೊಳ್ಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು ಇಂಗ್ಲಿಷ್ ಹೇಳಿಕೊಡುತ್ತಿದ್ದರು.

ನನಗೆ ದೊಡ್ಡ ಕಾಟವಾಗಿದ್ದು ಆ ಭಾಷೆಯ ಬಾಲದ ಕ್ರಿಯಾಪದಗಳು. ‘ಪುಟ್’ ಎಂದರೆ ಇಡು ಎಂದು ಕಲಿತು ಮುಗಿಸುವಷ್ಟರಲ್ಲಿ ‘ಪುಟ್ ಆನ್’ ಉಡುವುದಾಗುತ್ತಿತ್ತು, ‘ಪುಟ್ ಔಟ್’ ದೀಪ ಆರಿಸುವುದಾಗುತ್ತಿತ್ತು. ದಿನಕ್ಕೆ ಐದು ವಾಕ್ಯ ಬರೆದು ತೋರಿಸಬೇಕು. ಒಮ್ಮೆ ಪಾಠದಲ್ಲಿ ‘ದ ಕ್ಲೌಡ್ಸ್ ಪಾಸ್ಡ್ ಅವೇ’ ಎಂದು ಬಂತು. ಮೋಡಗಳು ಅಲ್ಲಿಂದ ಸರಿದು ಹೋದವು ಎಂದು ಮಾಸ್ತರರು ಅರ್ಥ ಹೇಳಿದರು. ಮೋಡ, ಬಿರುಗಾಳಿ, ಹೊಗೆ ಎಂದು ನಾನು ಬರೆದ ವಾಕ್ಯಗಳನ್ನೆಲ್ಲ ಸರಿ ಎಂದರು. ಮನುಷ್ಯರ ವಿಷಯದಲ್ಲಿ ಆ ಮಾತಿಗೆ ಏನು ಅರ್ಥ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಬೇಸಿಗೆ ಸಿರುಗುಪ್ಪಕ್ಕೆ ವಾಂತಿಭೇದಿ ಬಂತು. ಓಣಿಗಳು ಖಾಲಿಯಾದವು. ಶಾಲೆ ಮುಚ್ಚಿತು. ಮಾಸ್ತರರಿಗೆ ಸಣ್ಣಗೆ ಜ್ವರ ಕಾಯುತ್ತಿತ್ತು. ಬಳ್ಳಾರಿಯ ತನಕ ಬಂಡಿಯಲ್ಲಿ ಹೋಗುವ ಶಕ್ತಿ ಇರಲಿಲ್ಲ. ನಮ್ಮ ಮನೆ ದಾರಿಯ ನಡುವೆ ಕುರುಗೋಡಿನಲ್ಲಿ. ಅಲ್ಲಿ ಸುಧಾರಿಸಿಕೊಳ್ಳಿ ಎಂದು ಒಂದು ಮಂಗಳವಾರ ಅವರನ್ನು ಕಳಿಸಿಕೊಟ್ಟೆ. ಹೆಡ್ಮಾಸ್ತರರು ಊರಲ್ಲಿಲ್ಲದ್ದನ್ನು ಬಳ್ಳಾರಿಯ ಮೇಲಿನ ಕಚೇರಿಗೆ ತಿಳಿಸುವುದು ನನ್ನ ಕೆಲಸವಾಯಿತು. ನನ್ನ ಮೊದಲ ಇಂಗ್ಲಿಷ್ ಪತ್ರ ಅದು. ‘ದ ಹೆಡ್ಮಾಸ್ಟರ್ ಪಾಸ್ಡ್ ಅವೇ ಫ್ರಮ್ ಸಿರುಗುಪ್ಪ ಆನ್ ಟ್ಯೂಸ್ಡೇ’ ಎಂದು ದುಂಡಗೆ ಬರೆದು, ಎರಡು ಸಲ ಓದಿ ಸಂತೋಷಪಟ್ಟು, ಟಪಾಲಿಗೆ ಹಾಕಿ, ಮರುದಿನ ನಾನೂ ಕುರುಗೋಡಿಗೆ ಹೊರಟೆ.

ಮಾಸ್ತರರ ಜ್ವರ ಬೇಗ ಬಿಡಲಿಲ್ಲ. ಗಾಬರಿಪಡಿಸುವುದು ಬೇಡ, ಗುಣವಾದ ಮೇಲೆ ತಾವೇ ಹೋದರಾಯಿತು ಎಂದು ಮನೆಗೂ ಬರೆಯಗೊಡಲಿಲ್ಲ. ಅರ್ಧ ತಿಂಗಳು ಕಳೆದ ಮೇಲೆ, ಒಂದು ದಿನ ಬೆಳಗಾಗುವ ಮುಂಚೆ ಇಬ್ಬರೂ ಬಂಡಿ ಕಟ್ಟಿಸಿಕೊಂಡು ಬಳ್ಳಾರಿಗೆ ಹೊರಟೆವು.

ಊರು ಮುಟ್ಟಿದಾಗ ಮಟಮಟ ಮಧ್ಯಾಹ್ನ. ಗುಡ್ಡದ ಬಂಡೆಗಳು ಬಿಸಿಲಿಗೆ ನಡುಗಿದಂತೆ ಕಾಣುತ್ತಿದ್ದವು. ಓಣಿಯ ಬಾಯಲ್ಲಿ ಬಂಡಿ ಇಳಿದೆವು. ಎದುರಿಗೆ ಬಂದ ಒಬ್ಬ ಮುದುಕರನ್ನು ಮಾಸ್ತರರು ಮಾತಾಡಿಸಿದರು. ಅವರು ಮಾಸ್ತರರ ಮುಖ ನೋಡಲಿಲ್ಲ, ಕಾಲು ನೋಡಿದರು. ಆಮೇಲೆ ಗೋಡೆಗೆ ಬೆನ್ನು ಹಚ್ಚಿ ನಿಂತು ನಮಗೆ ದಾರಿ ಬಿಟ್ಟರು. ಮುಂದೆ ಒಂದು ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಹೆಂಗಸು ಮೊರವನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದಾದ ಮೇಲೊಂದು ಅಗುಳಿ ಬೀಳುವ ಸದ್ದು ನಮ್ಮ ಮುಂದೆ ಮುಂದೆ ಹೋಗುತ್ತಿತ್ತು. ಬಳ್ಳಾರಿಗೂ ವಾಂತಿಭೇದಿ ಬಂದಿರಬೇಕು ಎಂದರು ಮಾಸ್ತರರು. ಅವರ ದನಿ ಸಣ್ಣದಾಗಿತ್ತು.

ಅವರ ಮನೆಯ ಬಾಗಿಲೊಂದೇ ತೆರೆದಿತ್ತು. ಹೊಸ್ತಿಲ ಮುಂದೆ ರಂಗವಲ್ಲಿ ಇರಲಿಲ್ಲ. ಪಡಸಾಲೆಯಲ್ಲಿ ಅವರ ಸೋದರತ್ತೆ ಒಬ್ಬರೇ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಹೋಗಿ ಬಹಳ ವರ್ಷಗಳಾಗಿದ್ದ ಮುದುಕಿ. ಮಾಸ್ತರರು “ಅತ್ತಿ” ಎಂದು ಕರೆದರು. ಆಕೆ ಬೆಚ್ಚಲಿಲ್ಲ. ತಲೆಯನ್ನು ದನಿಯ ಕಡೆ ತಿರುಗಿಸಿ, ಊಟಕ್ಕೆ ತಡಮಾಡಿ ಬಂದವರಿಗೆ ಹೇಳುವಂತೆ ಹೇಳಿದರು:

“ಬಂದೇನಪಾ? ಕಾಗಿ ಪಿಂಡ ಮುಟ್ಟವಲ್ದಂತ. ನಿಮ್ಮಣ್ಣ ಬಾವಿ ಹತ್ರ ಬಿಸಿಲಾಗ ಕುಂತಾನ. ಹೋಗಿ ಉಣ್ಣು. ಮನಿ ಕಡಿ ತಿರುಗಿ ನೋಡಬ್ಯಾಡ.”

ಮಾಸ್ತರರು ಒಳಗೆ ಹೆಜ್ಜೆ ಇಡದೆ ಹೊಸ್ತಿಲಲ್ಲೇ ನಿಂತು ಹೆಂಡತಿಯ ಹೆಸರು ಹಿಡಿದು ಕರೆದರು. ಒಳಕೋಣೆಯ ಕತ್ತಲಲ್ಲಿ ಯಾರೋ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಮತ್ತೆ ಕರೆದರು. ಮೂರನೆಯ ಸಲವೂ ಕರೆದರು. ಸತ್ತವರು ಕರೆದರೆ ಓಗೊಡಬಾರದೆಂದು ನಮ್ಮ ಕಡೆ ಚಿಕ್ಕಂದಿನಿಂದ ಹೇಳಿಕೊಟ್ಟಿರುತ್ತಾರೆ. ಒಳಗಿನಿಂದ ಉತ್ತರ ಬರಲಿಲ್ಲ.

ಊರ ಹೊರಗಿನ ಬಾವಿಗೆ ನಡೆದು ಹೋದೆವು. ಮಾಸ್ತರರ ಅಣ್ಣ ತಲೆ ಬೋಳಿಸಿಕೊಂಡು ಪಿಂಡಗಳ ಮುಂದೆ ಕೂತಿದ್ದರು. ಬೇವಿನ ಮರದ ತುಂಬ ಕಾಗೆ. ಒಂದೂ ಕೂಗುತ್ತಿರಲಿಲ್ಲ, ಒಂದೂ ಇಳಿದಿರಲಿಲ್ಲ. ತಮ್ಮನ ಹೆಸರಿನ ಅನ್ನದ ಮುಂದೆ ಬಂದು ನಿಂತ ತಮ್ಮನನ್ನು ನೋಡಿ ಆ ಮನುಷ್ಯ ಕೈಮುಗಿದು, ಏನು ಆಸೆ ಉಳಿದಿದೆ ಹೇಳು, ಪೂರೈಸುತ್ತೇನೆ ಎಂದು ಅಳತೊಡಗಿದರು. ಅಡ್ಡ ಬಂದು ಮಾತಾಡಿದವನು ನಾನು. ಇವರು ಬದುಕಿದ್ದಾರೆ, ನಮ್ಮ ಮನೆಯಲ್ಲೇ ಇದ್ದರು ಎಂದೆ. ಪುರೋಹಿತರು ಮಾಸ್ತರರ ಕೈ ಮುಟ್ಟಿ ನೋಡಿದರು. ಆಮೇಲೆಯೇ ಉಳಿದವರು ಹತ್ತಿರ ಬಂದರು.

ನಡೆದದ್ದು ಆಗ ತಿಳಿಯಿತು. ನನ್ನ ಪತ್ರ ಓದಿದ ಕಚೇರಿಯವರು ಹೆಡ್ಮಾಸ್ತರರು ತೀರಿಕೊಂಡರೆಂದು ಮನೆಗೆ ಕನ್ನಡದಲ್ಲಿ ಬರೆದು ಕಳಿಸಿದ್ದರು. ಅಣ್ಣ ಕೂಡಲೇ ಸಿರುಗುಪ್ಪಕ್ಕೆ ಆಳು ಅಟ್ಟಿದ್ದರು. ಆಳಿಗೆ ಸಿಕ್ಕಿದ್ದು ಬೀಗ ಹಾಕಿದ ಕೋಣೆ, ಬಿಟ್ಟುಹೋದ ಓಣಿ. ಹೊಳೆದಂಡೆಯಲ್ಲಿ ದಿನವೂ ಹೆಣ ಸುಡುತ್ತಾರೆ, ಯಾರು ಯಾರೆಂದು ಯಾರಿಗೂ ಗೊತ್ತಿಲ್ಲ ಎಂದು ಅವನು ಬಂದು ಹೇಳಿದ. ದರ್ಭೆಯ ಗೊಂಬೆ ಮಾಡಿ ದಹನ ಮಾಡಿದ್ದರು. ಅಂದು ಹತ್ತನೆಯ ದಿನ. ಬೆಳಿಗ್ಗೆಯೇ ಮಾಸ್ತರರ ಹೆಂಡತಿಯ ಬಳೆ ಒಡೆದು, ಕೂದಲು ತೆಗೆಸಿದ್ದರು.

ಕರ್ಮ ಮಾಡಿಸಿಕೊಂಡ ಮನುಷ್ಯ ಹಾಗೇ ಮನೆ ಹೊಗುವಂತಿಲ್ಲ, ಮತ್ತೆ ಹುಟ್ಟಬೇಕು ಎಂದರು ಪುರೋಹಿತರು. ಮಾಸ್ತರರು ಹನ್ನೆರಡು ದಿನ ದನದ ಕೊಟ್ಟಿಗೆಯಲ್ಲಿದ್ದರು. ನಾನೂ ಅವರ ಜೊತೆ ಅಲ್ಲೇ ಇದ್ದೆ. ಎರಡನೆಯ ದಿನವೇ ಅವರ ಕಾಲು ಹಿಡಿದು, ಕಚೇರಿಗೆ ಆ ಪತ್ರ ಬರೆದವನು ನಾನೇ ಎಂದು ಹೇಳಿಕೊಂಡೆ. ಆ ವಾಕ್ಯವನ್ನು ಹೇಳು ಎಂದರು. ಹೇಳಿದೆ.

“ಪೂರಾ ಕಲಿಸಿಲ್ಲ ನಾ ನಿನಗ,” ಎಂದರು. “ಮೋಡ ಹೋದ್ರ ಹೋತು ಅಷ್ಟ. ಮನಿಷಾ ಹೋದ್ರ ಬ್ಯಾರೆ ಅರ್ಥ ಐತಿ ಅದಕ. ಪಾಟಿ ತಗೊಂಡು ಬಾ.”

ಕೊಟ್ಟಿಗೆಯಲ್ಲಿ ಕೂತು ‘ಗೋ ಅವೇ’, ‘ಪಾಸ್ ಬೈ’, ‘ಪಾಸ್ ಥ್ರೂ’ ಎಲ್ಲ ಬರೆಸಿದರು. ‘ಪಾಸ್ ಅವೇ’ಗೆ ಬಂದಾಗ ನನ್ನ ಬಳಪ ಏಳಲಿಲ್ಲ. ಅವರೇ ಪಾಟಿ ಇಸಕೊಂಡು, ತಮ್ಮ ಹೆಸರನ್ನೇ ಹಾಕಿ ಒಂದು ವಾಕ್ಯ ಬರೆದು, ಓದು ಎಂದರು. ಓದಿದೆ. ಹಸುಗಳು ಮೆಲುಕು ಹಾಕುತ್ತಿದ್ದವು. ತಮ್ಮದೇ ಸಾವನ್ನು ತಪ್ಪಿಲ್ಲದೆ ಬರೆದು ಒರೆಸುವಾಗಿನ ಆ ಮುಖ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹದಿಮೂರನೆಯ ದಿನ ಅವರಿಗೆ ಮೈತುಂಬ ತುಪ್ಪ ಸವರಿ ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಮೊಣಕಾಲು ಮಡಚಿ, ಮುಷ್ಟಿ ಬಿಗಿದು ಕೂರಿಸಿದರು. ನಲವತ್ತು ದಾಟಿದವರಿಗೆ ಜಾತಕರ್ಮ ಆಯಿತು, ನಾಮಕರಣ ಆಯಿತು, ಮುಂಜಿ ಆಯಿತು. ಕೊನೆಗೆ ಅದೇ ಹೆಂಡತಿಯ ಜೊತೆ ಮದುವೆ. ಸೆರಗನ್ನು ಹಣೆಯ ತನಕ ಎಳೆದುಕೊಂಡು ಕೂತಿದ್ದ ಆಕೆ ಒಮ್ಮೆಯೂ ತಲೆ ಎತ್ತಲಿಲ್ಲ. ಓಲಗ ಇರಲಿಲ್ಲ. ಬಂದವರು ಅಕ್ಷತೆಯನ್ನು ದೂರದಿಂದಲೇ ಎಸೆದರು.

ಮಾಸ್ತರರು ಆಮೇಲೆ ಸಿರುಗುಪ್ಪಕ್ಕೆ ಒಬ್ಬರೇ ಹೋಗಲಿಲ್ಲ, ಹೆಂಡತಿಯನ್ನೂ ಕರೆದುಕೊಂಡು ಹೋದರು. ಅವರ ಪಾಠದಿಂದ ನಾನು ಪರೀಕ್ಷೆ ಮುಗಿಸಿದೆ. ನಾಲ್ಕೈದು ವರ್ಷವಾದ ಮೇಲೆ ಒಂದು ಸಂಜೆ, ಅವರು ಹೊಳೆಯ ಕಡೆ ಹೋಗಿದ್ದಾಗ, ಆಕೆ ನನಗೆ ಮಜ್ಜಿಗೆ ಕೊಟ್ಟು ಬಾಗಿಲ ಹತ್ತಿರ ನಿಂತರು. ನಾನು ಅವರ ಕ್ಷಮೆ ಕೇಳಿದೆ. ಅಂದು ಓಗೊಡದೆ ಕತ್ತಲಲ್ಲಿ ಕೂತಿದ್ದ ನಿಮ್ಮ ಭಯ ನನ್ನಿಂದಾದದ್ದು ಎಂದೆ.

“ಭಯ ಅಲ್ಲ ತಮ್ಮಾ,” ಎಂದರು ಅವರು. “ಮೊದಲ್ನೆ ಸಲ ಕರದಾಗ್ಲೇ ಗೊತ್ತಾತು, ಜೀವಂತ ಅದಾರಂತ. ಬಿಸಿಲಾಗ ಬಂದ ದಣಿವಿತ್ತು ದನ್ಯಾಗ. ಸತ್ತವ್ರಿಗೆಲ್ಲಿ ದಣಿವು? ಆದ್ರ ಆ ಬೋಳು ತಲಿ ಹೊತ್ಕೊಂಡು ಹ್ಯಾಂಗ ಹೊರಗ ಬರಲಿ ಅಂತ ಸುಮ್ಕ ಕುಂತೆ.”

ಲೋಟ ಇಸಕೊಂಡು ಅವರು ಒಳಗೆ ಹೋದರು.