ಗುಲಾಬಬಿ ನೋಡಬೇಕೆಂದ ಬರಹ

ಮಗಳು ತೀರಿಹೋದ ನಲವತ್ತನೆಯ ದಿನದ ಫಾತಿಹಾ ಮುಗಿದು, ಬಂದ ಬಳಗವೆಲ್ಲ ಊರು ಸೇರಿದ ಮೇಲೆ ಗುಲಾಬಬಿ ಒಂದು ಮುಂಜಾನೆ ಮಗ್ಗ ಬಿಟ್ಟು ಎದ್ದಳು. ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು, ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ರಸ್ತೆಗೆ ಬಂದಳು. ಅಲ್ಲಿ ಔಷಧಿ ಅಂಗಡಿಯ ಮಹಡಿಯ ಮೇಲೆ ಆ ಮಗಳು ಆಫ್ರೀನ ಕಲಿಯುತ್ತಿದ್ದ ಕಂಪ್ಯೂಟರ್ ಕ್ಲಾಸು ಇತ್ತು. ಮಗಳನ್ನು ದಿನಾ ಕಳಿಸುತ್ತಿದ್ದಳೇ ಹೊರತು ತಾನು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಗುಲಾಬಬಿಯ ತವರು ಹುನಗುಂದ ತಾಲೂಕಿನ ರಾಮಥಾಳ. ಮದುವೆಯಾಗಿ ಬಂದಾಗ ಅವಳಿಗೆ ಮಗ್ಗದ ಗಂಧಗಾಳಿಯೂ ಇರಲಿಲ್ಲ. ಗಂಡ ಖಾದರಬಾಷಾ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದ. ಅತ್ತೆ ಮಾಬುಬಿ ಮನೆಯ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲು ಕಂಡಿಕೆಗೆ ನೂಲು ಸುತ್ತುವುದನ್ನು, ಆಮೇಲೆ ಲಾಳಿ ಹಿಡಿಯುವುದನ್ನು ಕಲಿಸಿದವಳು ಆ ಮುದುಕಿಯೇ. ಆಫ್ರೀನ ಇನ್ನೂ ಸಾಲೆಗೆ ಸೇರಿರಲಿಲ್ಲ, ಖಾದರಬಾಷಾನಿಗೆ ಎದೆಬೇನೆ ಹತ್ತಿತು. ದವಾಖಾನೆ ತಿರುಗಿ ತಿರುಗಿ ಕೊನೆಗೆ ಅವನು ಹೋದ. ಮಗನ ಹಿಂದೆಯೇ ಮಾಬುಬಿಯೂ ಹೋದಳು. ಅಂದಿನಿಂದ ಅತ್ತೆಯ ಜಾಗದಲ್ಲಿ, ನೆಲದ ಕುಣಿಯಲ್ಲಿ ಕಾಲಿಳಿಸಿ ಕುಳಿತ ಗುಲಾಬಬಿ ಮಗಳನ್ನು ದೊಡ್ಡವಳನ್ನಾಗಿ ಮಾಡಿದ್ದು ಅಲ್ಲಿಂದಲೇ.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆಫ್ರೀನ ಪಿಯುಸಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಸೇರಿದ ಮೇಲೆ ಸಂಜೆಯ ಮಾತೆಲ್ಲ ಅದೇ ಆಯಿತು. ಹುಡುಗಿ ತಾಯಿಯ ಪಕ್ಕ ಕುಳಿತು ಕಂಡಿಕೆ ಸುತ್ತುತ್ತ, ಇವತ್ತು ಏನು ಕಲಿತೆ, ಪಾಠ ಹೇಳುವ ಅಕ್ಕೋರು ಏನೆಂದರು ಎಂದು ಒಂದೂ ಬಿಡದೆ ಹೇಳುವಳು. ಅರ್ಧಕ್ಕರ್ಧ ತಿಳಿಯದಿದ್ದರೂ ಗುಲಾಬಬಿ ಹೂಂಗುಟ್ಟುವಳು. ಒಂದು ದಿನ ಆಫ್ರೀನ ಮೊಬೈಲು ತಂದು ತಾಯಿಯ ಮುಖದ ಮುಂದೆ ಹಿಡಿದಳು. ಅದರಲ್ಲಿ ಅವರ ಮನೆಯ ಮಗ್ಗದ ಫೋಟೋ ಇತ್ತು. ಕೆಳಗೆ ಗುಲಾಬಬಿಯ ಹೆಸರು, ಅದರ ಕೆಳಗೆ ನಾಲ್ಕಾರು ಸಾಲು. ಇದು ನಾನೇ ಮಾಡಿದ ಪುಟ, ಜಗತ್ತಿನ ಯಾರು ಬೇಕಾದರೂ ನೋಡಬಹುದು ಎಂದಳು. ಗುಲಾಬಬಿ ನಕ್ಕು, ನನ್ನ ಮಗ್ಗ ಯಾರು ನೋಡಬೇಕಾಗೈತಿ ಎಂದಳು. ಆದರೆ ಮಗಳು ಆಮೇಲೆ ಹೇಳಿದ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

"ಅಮ್ಮಾ, ಈಗ ನಿನಗ ಕಾಣಸ್ತೈತಲ್ಲ, ನಾ ಬರ್ದದ್ದು ಇದಲ್ಲ. ನಾ ಬರ್ದದ್ದು ಇದರ ಹಿಂದ ಐತಿ. ಒಂದಿನ ಕ್ಲಾಸಿಗೆ ಬಾ, ದೊಡ್ಡ ಪರದೇದಾಗ ತೋರಸ್ತೇನಿ."

"ಈ ಸೀರೀದು ಸೆರಗು ಮುಗೀಲಿ, ಬರ್ತೇನಿ," ಎಂದಿದ್ದಳು ಗುಲಾಬಬಿ.

ಸೆರಗು ಮುಗಿಯಿತು, ಇನ್ನೊಂದು ಸೀರೆ ಮಗ್ಗಕ್ಕೇರಿತು. ಮಳೆಗಾಲ ಬಂತು. ಓಣಿಯಲ್ಲಿ ಡೆಂಗ್ಯೂ ಜ್ವರ ಹರಡಿ ಆಫ್ರೀನಳೂ ಮಲಗಿದಳು. ಮೊದಲು ಊರಿನ ದವಾಖಾನೆ, ಆಮೇಲೆ ಬಾಗಲಕೋಟೆ. ಬಾಗಲಕೋಟೆಯಿಂದ ಅವಳು ಜೀವಂತ ತಿರುಗಿ ಬರಲಿಲ್ಲ.

ಕ್ಲಾಸಿನ ನಾಗರತ್ನಾ ಅಕ್ಕೋರು ಬೇವೂರಿನವರು. ಆಫ್ರೀನಳ ಮಣ್ಣಿಗೆ ಬಂದಿದ್ದರಾದ್ದರಿಂದ ಗುಲಾಬಬಿಯನ್ನು ನೋಡಿದ ಕೂಡಲೇ ಗುರುತು ಹಿಡಿದರು. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟರು. ಏನಾದರೂ ಕಾಗದಪತ್ರ ಬೇಕಿತ್ತೇನೋ ಎಂದು ಕೇಳಿದರು. ಗುಲಾಬಬಿ ಅಲ್ಲವೆಂದು ತಲೆಯಾಡಿಸಿದಳು.

"ನನ್ನ ಮಗಳು ಬರ್ದದ್ದು ನೋಡ್ಬೇಕಾಗಿತ್ರಿ ಅಕ್ಕೋರ."

ನಾಗರತ್ನಾ ಕಿಟಕಿಯ ಬಳಿಯ ಕಂಪ್ಯೂಟರಿನಲ್ಲಿ ಪುಟ ತೆರೆದರು. ಮಗ್ಗ, ಹೆಸರು, ಸಾಲುಗಳು ಬಂದವು. ಗುಲಾಬಬಿ ಸ್ವಲ್ಪ ಹೊತ್ತು ನೋಡಿ, ಇದನ್ನು ಮೊಬೈಲಿನಲ್ಲಿ ನೋಡಿದ್ದೇನೆ, ಇದರ ಹಿಂದೆ ಅವಳು ಬರೆದದ್ದಿದೆಯಂತಲ್ಲ, ಅದನ್ನು ತೋರಿಸಿ ಎಂದಳು. ಸಾಲೆಯ ಪಾಟಿ ಪುಸ್ತಕ ಮನೆಯಲ್ಲಿವೆ, ಆದರೆ ಅವೆಲ್ಲ ಬೋರ್ಡಿನ ಮೇಲಿದ್ದುದನ್ನು ನೋಡಿ ಬರೆದವು. ಇದೊಂದನ್ನು ಅವಳೇ ತನ್ನ ತಲೆಯಿಂದ ಬರೆದಿದ್ದಾಳೆ ಎಂದೂ ಹೇಳಿದಳು. ನಾಗರತ್ನಾ ಮೌಸಿನ ಬಲಗುಂಡಿ ಒತ್ತಿದರು.

ಪುಟ ಹೇಗೆ ಕಾಣಬೇಕೆಂದು ಕಂಪ್ಯೂಟರಿಗೆ ಹೇಳುವ ಮೂಲ ಬರಹವನ್ನು ತೋರಿಸುವ ಸಾಲು ಅಲ್ಲಿತ್ತು, ಆದರೆ ಮಸುಕಾಗಿತ್ತು. ಒತ್ತಿದರೆ ಮಿಸುಕಲಿಲ್ಲ. ಕೀಲಿಮಣೆಯಿಂದ ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿದರು. ಇದನ್ನು ನೋಡಲು ಅನುಮತಿಯಿಲ್ಲ ಎಂಬ ಬಿಳಿ ಹಾಳೆ ಎದ್ದು ಬಂತು. ಬ್ರೌಸರ್ ಮುಚ್ಚಿ ತೆರೆದರು. ಅದರಲ್ಲಿ ಕೂಡಿಬಿದ್ದಿದ್ದ ಹಳೆಯದನ್ನೆಲ್ಲ ಅಳಿಸಿದರು. ಬೇರೆ ಬ್ರೌಸರಿನಲ್ಲಿ ನೋಡಿದರು, ಪಕ್ಕದ ಕಂಪ್ಯೂಟರಿನಲ್ಲೂ ನೋಡಿದರು. ಎಲ್ಲ ಕಡೆಯೂ ಅದೇ ಬಿಳಿ ಹಾಳೆ. ಕೊನೆಗೆ ಸೆಟ್ಟಿಂಗಿನ ತಳದಲ್ಲಿ ಈ ಬ್ರೌಸರನ್ನು ಸಂಸ್ಥೆ ನಿಯಂತ್ರಿಸುತ್ತಿದೆ ಎಂಬ ಸಾಲು ಕಂಡಾಗ ಅವರಿಗೆ ನೆನಪಾಯಿತು. ಆನ್‌ಲೈನ್ ಪರೀಕ್ಷೆಯಲ್ಲಿ ಕೆಲವರು ಪುಟದ ಮೂಲ ತೆರೆದು ಉತ್ತರ ಹುಡುಕಿದ್ದರು. ಆಗ ಕ್ಲಾಸಿನ ಮಾಲೀಕ ಶಂಕರಲಿಂಗ ಎಲ್ಲ ಕಂಪ್ಯೂಟರುಗಳಲ್ಲೂ ಅದು ತೆರೆಯದಂತೆ ಬೀಗ ಹಾಕಿಸಿದ್ದ.

ಬಾಗಲಕೋಟೆಯಲ್ಲಿದ್ದ ಶಂಕರಲಿಂಗನಿಗೆ ಫೋನು ಹೋಯಿತು. ಬೀಗ ಹಾಕಿದವನು ಬಾದಾಮಿಯವನು, ಅವನೇ ಬಂದು ತೆಗೆಯಬೇಕು, ಅಷ್ಟಕ್ಕೂ ಈಗೇನು ಅವಸರ ಎಂದು ಅವನು ಕೇಳಿದ. ನಾಗರತ್ನಾ ವಿಷಯ ಹೇಳಿದರು. ಹಾಗಿದ್ದರೆ ಅವನನ್ನು ನಾಳೆಯೇ ಕಳಿಸುತ್ತೇನೆ ಎಂದ.

ಅಷ್ಟರೊಳಗೆ ನೋಡೋಣವೆಂದು ನಾಗರತ್ನಾ ತಮ್ಮ ಮೊಬೈಲಿನಲ್ಲಿ ಪುಟದ ವಿಳಾಸದ ಮೊದಲಿಗೆ ಎರಡು ಪದ ಸೇರಿಸಿದರು. ಮೂಲ ಬರಹ ತೆರೆದುಕೊಂಡಿತು. ಆದರೆ ಅಕ್ಷರ ಸಾಸಿವೆಯಷ್ಟು ಸಣ್ಣವು. ವರ್ಷಗಟ್ಟಲೆ ಎಳೆ ನೋಡಿ ನೋಡಿ ಸೋತಿದ್ದ ಗುಲಾಬಬಿಯ ಕಣ್ಣಿಗೆ ಇರುವೆ ಸಾಲು ಹೋದ ಹಾಗೆ ಕಂಡಿತು. ಇರಲಿ, ನಾಳೆ ಬರುತ್ತೇನೆ, ದೊಡ್ಡದರಲ್ಲಿ ತೋರಿಸುತ್ತೇನೆಂದು ಮಗಳೇ ಹೇಳಿದ್ದಳಲ್ಲ ಎಂದು ಎದ್ದಳು.

ಮರುದಿನ ಮಧ್ಯಾಹ್ನ ಬಂದಾಗ ಬೀಗ ತೆಗೆದಾಗಿತ್ತು. ನಾಗರತ್ನಾ ಪುಟ ತೆರೆದು, ಮೂಲ ಬರಹ ತೆಗೆದರು. ಪರದೆಯ ತುಂಬ ಅಕ್ಷರ ಸುರಿದವು. ಒಂದು ಸಾಲು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯುವಂತಿರಲಿಲ್ಲ. ಗುಲಾಬಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಕ್ಕೆ ಬಾಗಿದಳು. ಎಷ್ಟೊಂದು ಬರೆದಿದ್ದಾಳೆ ಎಂದಳು. ತಿರುಗಿ ನೋಡಿದರೆ ಅಕ್ಕೋರ ಮುಖ ಬಾಡಿತ್ತು.

"ಯಾಕ್ರಿ? ಇದು ಆಕಿ ಬರ್ದದ್ದಲ್ಲೇನು?"

ನಾಗರತ್ನಾ ಹೌದೆಂದುಬಿಡಬಹುದಿತ್ತು. ಓದು ಬಾರದ ತಾಯಿ ಅದನ್ನೇ ನಂಬಿ, ಕಣ್ತುಂಬ ನೋಡಿ ಹೋಗುತ್ತಿದ್ದಳು. ಆ ಮಾತು ಬಾಯಿಯವರೆಗೂ ಬಂದಿತ್ತು. ಆದರೆ ತಮ್ಮನ್ನೇ ನೋಡುತ್ತಿದ್ದ ಆ ಕಣ್ಣುಗಳೆದುರು ಅವರಿಗೆ ಅದು ಸಾಧ್ಯವಾಗಲಿಲ್ಲ.

ಪರದೆ ನೋಡಿದ ಮೇಲಷ್ಟೇ ತಮಗೆ ನೆನಪಾದದ್ದನ್ನು ನಿಧಾನವಾಗಿ ಬಿಡಿಸಿ ಹೇಳಿದರು. ಆಫ್ರೀನ ಜ್ವರದಲ್ಲಿ ಮಲಗಿದ್ದಾಗ ಕ್ಲಾಸಿನವರು ಹುಡುಗರ ಪುಟಗಳನ್ನೆಲ್ಲ ಹೊಸ ಜಾಲತಾಣಕ್ಕೆ ಸಾಗಿಸಿದ್ದರು. ಸಾಗಿಸಿದ ಯಂತ್ರ ಪ್ರತಿ ಪುಟವನ್ನೂ ತನ್ನ ರೀತಿಯಲ್ಲೇ ಮತ್ತೆ ಬರೆದುಕೊಂಡಿತ್ತು. ಹೊರಗೆ ಕಾಣುವುದು ಮೊದಲಿನಂತೆಯೇ ಇತ್ತು, ಒಳಗಿನದು ಬದಲಾಗಿತ್ತು. ಆಫ್ರೀನ ಕೂರುತ್ತಿದ್ದ ಕಂಪ್ಯೂಟರನ್ನೂ ಹೊಸ ತಂಡಕ್ಕೆಂದು ಅಳಿಸಿ ಸ್ವಚ್ಛ ಮಾಡಿದ್ದರು.

ಗುಲಾಬಬಿ ಅಳಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕುಳಿತಳು. ಆಮೇಲೆ, "ಒಂದ ಸಾಲರ ಉಳದಿರಬೇಕ್ರಿ. ನೋಡ್ರಿ," ಎಂದಳು.

ನಾಗರತ್ನಾ ಮೇಲಿನಿಂದ ಕೆಳಗೆ ಹುಡುಕತೊಡಗಿದರು. ಯಂತ್ರದ ಬರಹದ ನಡುವೆ ಒಂದು ಕಡೆ ಅವರ ಬೆರಳು ನಿಂತಿತು. ಗುಲಾಬಬಿಯ ಹೆಸರಿಗೆ ಬಣ್ಣ ಕೊಡಲು ಬರೆದ ಸಾಲು ಅದು. ಇಂಗ್ಲಿಷಿನಲ್ಲಿ ಬಣ್ಣ ಎಂಬ ಪದಕ್ಕೆ ಸಾಲೆಯಲ್ಲಿ ಕಲಿತ ಕಾಗುಣಿತವನ್ನೇ ಆಫ್ರೀನ ಬರೆದಿದ್ದಳು. ಕಂಪ್ಯೂಟರಿಗೆ ಅದರಲ್ಲಿ ಒಂದಕ್ಷರ ಕಡಿಮೆಯಿರಬೇಕು. ಯಂತ್ರಕ್ಕೆ ಆ ಸಾಲು ಅರ್ಥವಾಗಿರಲಿಲ್ಲ, ಹಾಗಾಗಿ ಮುಟ್ಟದೆ ಬಿಟ್ಟುಬಿಟ್ಟಿತ್ತು.

"ಇದು ಆಕೀದss ಅಮ್ಮಾರ. ಯಂತ್ರ ಇಂಥಾ ತಪ್ಪು ಬರಿಯೂದಿಲ್ಲ," ಎಂದರು ನಾಗರತ್ನಾ.

ಏನು ಬರೆದಿದ್ದಾಳೆ ಎಂದು ಗುಲಾಬಬಿ ಕೇಳಿದಳು. ನಿಮ್ಮ ಹೆಸರು ಕೆಂಪಾಗಲಿ ಎಂದು ಬರೆದಿದ್ದಾಳೆ, ಒಂದಕ್ಷರ ಹೆಚ್ಚಾದದ್ದರಿಂದ ಕಪ್ಪಾಗಿಯೇ ಉಳಿದಿದೆ ಎಂದು ನಾಗರತ್ನಾ ಹೇಳಿದರು. ಗುಲಾಬಬಿ ಕೈ ಚಾಚಿ, ಲಾಳಿ ಹಿಡಿದು ಗಟ್ಟಿಯಾಗಿದ್ದ ಬೆರಳನ್ನು ಗಾಜಿನ ಮೇಲಿಟ್ಟಳು. ಆಗ ಅವಳಿಗೆ ಅಳು ಬಂತು. ಕ್ಲಾಸಿನಲ್ಲಿದ್ದ ಹುಡುಗಿಯರು ತಮ್ಮ ಕೆಲಸ ನಿಲ್ಲಿಸಿ ತಲೆ ತಗ್ಗಿಸಿ ಕುಳಿತರು.

ಅಳು ತಗ್ಗಿದ ಮೇಲೆ, ತಿದ್ದಿ ಹೆಸರನ್ನು ಕೆಂಪು ಮಾಡಿಕೊಡಲೇ ಎಂದು ನಾಗರತ್ನಾ ಮೆಲ್ಲಗೆ ಕೇಳಿದರು.

"ಬ್ಯಾಡ್ರಿ," ಎಂದಳು ಗುಲಾಬಬಿ. "ತಿದ್ದಿದ್ರ ಅದೂ ಆಕೀದಾಗಿ ಉಳಿಯೂದಿಲ್ಲ."

ಆಮೇಲೆ ಗುಲಾಬಬಿ ಆಗೀಗ, ಸೀರೆ ಕೊಟ್ಟು ಬರುವ ದಾರಿಯಲ್ಲಿ, ಮೇಲೆ ಹತ್ತಿ ಬಂದು ಆ ಸಾಲನ್ನು ನೋಡಿ ಹೋಗುತ್ತಿದ್ದಳು. ನಾಗರತ್ನಾ ಯಾವ ಪಾಠದ ನಡುವಿದ್ದರೂ ತೆರೆದು ತೋರಿಸುವರು. ಮುಂದಿನ ಬೇಸಿಗೆಯಲ್ಲಿ ಶಂಕರಲಿಂಗ ಇಳಕಲ್ಲಿನ ಕ್ಲಾಸು ಮುಚ್ಚಿದ, ಜಾಲತಾಣವೂ ನಿಂತಿತು. ಪುಟವನ್ನು ತಮ್ಮಲ್ಲಿ ಉಳಿಸಿಟ್ಟುಕೊಂಡಿರುವುದಾಗಿ ಹೇಳಲು ನಾಗರತ್ನಾ ಗುಲಾಬಬಿಯ ಮನೆಗೆ ಹೋದರು. ಗುಲಾಬಬಿ ಮಗ್ಗ ನಿಲ್ಲಿಸಿ ಕುಣಿಯಿಂದೆದ್ದು ಬಂದು ಚಾಪೆ ಹಾಸಿದಳು, ಚಹಾ ಮಾಡಿದಳು. ಪುಟದ ಮಾತು ಕೇಳಿ ಸುಮ್ಮನೆ ತಲೆಯಾಡಿಸಿದಳು. ಆಮೇಲೆ ಎದುರಿಗೆ ಕುಳಿತು, ಅಷ್ಟು ದಿನವೂ ಕೇಳದಿದ್ದ ಒಂದು ಮಾತು ಕೇಳಿದಳು.

"ಆಕಿ ಬರಿಯೂ ಮುಂದ ಹೆಂಗ ಕುಂದರತಿದ್ಳ್ರಿ ಅಕ್ಕೋರ? ನೀವು ನೋಡೀರಿ. ನಾ ನೋಡಿಲ್ಲ."

ಕಾಲು ಮೇಲೆತ್ತಿ ಕುರ್ಚಿಯಲ್ಲೇ ಚಕ್ಕಳಮಕ್ಕಳ ಹಾಕುತ್ತಿದ್ದಳು, ಏನಾದರೂ ತಪ್ಪಿದರೆ ಜಡೆಯ ತುದಿ ಕಚ್ಚುತ್ತಿದ್ದಳು, ಸರಿಯಾದರೆ ಪಕ್ಕದವಳನ್ನು ಮೊಣಕೈಯಿಂದ ತಿವಿಯುತ್ತಿದ್ದಳು ಎಂದು ನಾಗರತ್ನಾ ನೆನಪಾದದ್ದನ್ನೆಲ್ಲ ಹೇಳುತ್ತ ಹೋದರು. ಗುಲಾಬಬಿ ಕೇಳುತ್ತಲೇ ಕುಳಿತಳು. ಅಂದು ಆ ಮನೆಯಲ್ಲಿ ಮಗ್ಗ ಮತ್ತೆ ಸದ್ದು ಮಾಡಲಿಲ್ಲ.