ಒಂದೇ ಚಮಚ ಅಂಜೂರದ ಪಾಕ

ಓಹ್ರಿದ್ ಸರೋವರದ ದಂಡೆಯ ಹಳೇ ಮನೆಯಲ್ಲಿ ಬೊಸಿಲ್ಕಾ ಅಜ್ಜಿ ಪ್ರವಾಸಿಗಳಿಗೆ ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಬಂದವರ ಮುಂದೆ ಮೊದಲು ಅಂಜೂರದ ಪಾಕದ ಬಟ್ಟಲು, ಒಂದು ಲೋಟ ನೀರು ಇಡುವುದು ಅವಳ ಅತ್ತೆಯ ಕಾಲದ ಪದ್ಧತಿ. ಬೇಸಿಗೆಯಲ್ಲಿ ಬರುವವರು ಪಾಕವನ್ನು ಬ್ರೆಡ್ಡಿಗೆ ಬಳಿದು ಬಟ್ಟಲನ್ನೇ ಖಾಲಿ ಮಾಡುತ್ತಿದ್ದರು. "ಬರಗೆಟ್ಟವರು!" ಎಂದು ಅಜ್ಜಿ ಒಳಗೆ ಹೋಗಿ ಗೊಣಗುತ್ತಿದ್ದಳು.

ಊರೇ ಬಿಕೋ ಎನ್ನುವ ನವೆಂಬರಿನಲ್ಲಿ, ಎರಡು ದಿನಕ್ಕೆಂದು ಆಸ್ಟ್ರೇಲಿಯಾದವನೊಬ್ಬ ಬಂದ. ಒಂದೇ ಚಮಚ ಪಾಕ ತಿಂದು, ನೀರು ಕುಡಿದು, ಚಮಚವನ್ನು ಲೋಟದೊಳಗಿಟ್ಟ. ಅಜ್ಜಿ ಅವನನ್ನೇ ದಿಟ್ಟಿಸಿದಳು. ಒಂದೇ ಚಮಚ ತಿಂದು ಹಾಗಿಡುವ ಹಳೇ ರೀತಿ ಬಲ್ಲವರೆಲ್ಲ ಎಂದೋ ಊರು ಬಿಟ್ಟಿದ್ದರು.

"ಯಾರ ಮನೆಯವನೋ ನೀನು?"

"ಪಕ್ಕದ್ಮನೇಲಿ ದೋಣಿ ಮಾಡ್ತಿದ್ದ ನಾವುಮ್ ಅಂತ ಇದ್ನಲ್ಲ, ಅವ್ನೇ ನಮ್ಮಜ್ಜ," ಅವನು ಅವಳ ಭಾಷೆಯಲ್ಲೇ ತಡವರಿಸಿದ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು.

"ಮತ್ತೆ ನೆಂಟರ ಥರ ಕೂತಿದ್ದೀಯಲ್ಲೋ! ಏಳು, ಒಲೆಗೆ ಸೌದೆ ಹಾಕು."