ಜೋಡಿ ಲೆಕ್ಕ

ನನ್ನನ್ನು ಚಿನ್ನದ ಗಣಿಯ ಊರು ಮಾರಿಕುಪ್ಪಂಗೆ ಕೊಟ್ಟಾಗ ಬೂದಿಕೋಟೆ ಸುತ್ತಿನ ನಮ್ಮ ನೆಂಟರೆಲ್ಲ ಅಳಿಯ ಕಾಂಪೌಂಡರ್ ಎಂದೇ ನಂಬಿದ್ದರು. ತಪ್ಪು ನಮ್ಮಪ್ಪನ ಕಿವಿಯದು. ಗಂಡಿನ ಕಡೆಯವರು ಹೇಳಿದ್ದು ‘ಕಂಪ್ಯೂಟರ್’ ಅಂತ. ಅಪ್ಪನಿಗೆ ಆ ಥರ ಕೇಳಿಸುವ ಇಂಗ್ಲಿಷ್ ಮಾತು ಗೊತ್ತಿದ್ದದ್ದು ಒಂದೇ, ಆಸ್ಪತ್ರೆಯಲ್ಲಿ ಬಾಟಲಿಗೆ ಔಷಧಿ ಬಗ್ಗಿಸಿ ಕೊಡುವ ಕಾಂಪೌಂಡರ್. “ಅಳಿಯ ಕಾಂಪೌಂಡ್ರು ಕಣ್ಲಾ, ಇನ್ನ ನಮ್ಗೆ ಜರ ಬಂದ್ರೂ ಯೋಚ್ನೆ ಇಲ್ಲ” ಎಂದು ಊರೆಲ್ಲ ಸಾರಿಕೊಂಡು ಬಂದ. ಮದುವೆಯಾದ ಹೊಸತರಲ್ಲಿ ಕೆಮ್ಮುವ ಮುದುಕರು, ಭೇದಿ ಹತ್ತಿದ ಕೂಸುಗಳನ್ನು ಎತ್ತಿಕೊಂಡ ಹೆಂಗಸರು ಬಸ್ಸು ಹತ್ತಿ, ಬಂಗಾರಪೇಟೆಯಲ್ಲಿ ರೈಲು ಹಿಡಿದು ನಮ್ಮ ಕ್ವಾರ್ಟರ್ಸಿಗೆ ಬಂದಿಳಿಯುತ್ತಿದ್ದರು. ನನ್ನ ಗಂಡ ಒಂದು ಮಾತೂ ಆಡದೆ ಅವರನ್ನೆಲ್ಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿ ಬರುತ್ತಿದ್ದರು. ಆ ಮನುಷ್ಯನಿಗೆ ಸಿಟ್ಟೆಂಬುದೇ ಇರಲಿಲ್ಲ. ಇಬ್ಬರ ಪಾಲಿನದೂ ನನಗೇ ಬಂದಿತ್ತು.

ಆ ಕಾಲಕ್ಕೆ ಕಂಪ್ಯೂಟರ್ ಎಂದರೆ ಮನುಷ್ಯ. ಮುದ್ದೆ ಉಣ್ಣುವ, ನಶ್ಯ ಏರಿಸುವ, ಸೀನಿದರೆ ಬೀದಿಗೆಲ್ಲ ಕೇಳಿಸುವ ಮನುಷ್ಯ. ಗಣಿಯ ಸರ್ವೇ ಆಫೀಸಿನಲ್ಲಿ ಹಾಗೊಂದು ಹುದ್ದೆಯಿತ್ತು. ಕೆಳಗೆ ಇಳಿದು ಅಳತೆ ಮಾಡಿ ಬಂದವರು ಕೋನ, ಉದ್ದ ಬರೆದುಕೊಡುತ್ತಿದ್ದರು. ಲಾಗರಿತಮ್ ಪುಸ್ತಕ ಮುಂದಿಟ್ಟುಕೊಂಡು ಲೆಕ್ಕ ಕಟ್ಟಿ, ಸುರಂಗ ಈಗ ಎಲ್ಲಿಗೆ ಬಂದಿದೆ, ಇನ್ನು ಯಾವ ಕಡೆ ತಿರುಗಬೇಕು ಎಂದು ಹೇಳುವುದು ಕಂಪ್ಯೂಟರಿನ ಕೆಲಸ. ಎರಡು ಕಡೆಯಿಂದ ಬಂಡೆ ಕೊರೆದುಕೊಂಡು ಬರುವ ಎರಡು ಗ್ಯಾಂಗಿನವರು ನಡುವೆ ಮುಖಾಮುಖಿಯಾಗಬೇಕು. ಲೆಕ್ಕ ತಪ್ಪಿದರೆ ಒಬ್ಬರನ್ನೊಬ್ಬರು ದಾಟಿ ಹೋಗುತ್ತಾರೆ. ಇಲ್ಲವೇ ನೀರು ತುಂಬಿ ನಿಂತ ಹಳೇ ಸುರಂಗಕ್ಕೆ ತೂತು ಹೊಡೆದು ಅಲ್ಲೇ ಮುಳುಗುತ್ತಾರೆ.

ಅದಕ್ಕೇ ಒಂದೇ ಲೆಕ್ಕವನ್ನು ಇಬ್ಬರು ಮಾಡುತ್ತಿದ್ದರು. ಜೋಡಿ ಲೆಕ್ಕ ಅನ್ನುತ್ತಿದ್ದರು. ನನ್ನ ಗಂಡ ಒಂದು ಗೋಡೆಗೆ ಮುಖ ಮಾಡಿ ಕೂರುವುದು, ಜೊತೆಗಾರ ಎದುರು ಗೋಡೆಗೆ. ಮುಗಿಯುವ ತನಕ ಮಾತಾಡುವ ಹಾಗಿಲ್ಲ, ಇಣುಕುವ ಹಾಗಿಲ್ಲ. ಆಮೇಲೆ ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಹೊಂದಿದರೆ ಕಾಗದ ಕೆಳಗಿನ ಗ್ಯಾಂಗಿಗೆ ಹೋಯಿತು, ಹೊಂದದಿದ್ದರೆ ಇಬ್ಬರೂ ಮೊದಲಿಂದ. ಯಾರು ತಪ್ಪಿದ್ದು ಎಂದು ಕೇಳುವ ಪದ್ಧತಿಯೇ ಇರಲಿಲ್ಲ.

ಜೊತೆಗಾರ ನಮ್ಮ ಪಕ್ಕದ ಮನೆಯವನೇ, ತಮಿಳಿನವನು. ನನ್ನ ಗಂಡ ಅವನನ್ನು ತಂಬಿ ಎಂದು ಕರೆಯುತ್ತಿದ್ದರು, ಅವರ ಮಾತಿನಲ್ಲಿ ತಮ್ಮ ಎಂದು. ಅವನಿಗೆ ನಾನು ಅಣ್ಣಿ, ಅಂದರೆ ಅತ್ತಿಗೆ. ಹಗಲೆಲ್ಲ ಬೆನ್ನು ತಿರುಗಿಸಿ ಬಾಯಿ ಹೊಲಿದುಕೊಂಡು ಕೂತವರು ಸಂಜೆ ನಮ್ಮ ಜಗಲಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರನ್ನೂ ಕಲಸಿಕೊಂಡು ಹರಟುತ್ತಿದ್ದರು. ಅಂಕಿ ನೋಡಿ ನೋಡಿ ಇಬ್ಬರ ಕಣ್ಣೂ ಸೋತಿರುತ್ತಿದ್ದವು. ಮಿಡ್ಲ್ ಸ್ಕೂಲು ಮುಗಿಸಿದವಳು ಎಂದು ನನಗೆ ಪೇಪರು ಓದಿ ಹೇಳುವ ಕೆಲಸ ಬಿದ್ದಿತ್ತು.

ಹಾಗೆ ಒಂದು ಸಂಜೆ ನಾನೇ ಆ ಸುದ್ದಿ ಓದಿದ್ದು. ಕಲ್ಕತ್ತೆಗೆ ಹಡಗಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಒಂದು ಲೆಕ್ಕದ ಯಂತ್ರ ಬಂದಿದೆ, ನೂರಾರು ಜನ ಮಾಡುವ ಲೆಕ್ಕವನ್ನು ಅದೊಂದೇ ಮಾಡುತ್ತದೆ, ಇದು ಯಂತ್ರಮಿದುಳು, ಇಂಗ್ಲಿಷಿನಲ್ಲಿ ಕಂಪ್ಯೂಟರ್ ಎನ್ನುತ್ತಾರೆ. ಇಬ್ಬರೂ ಬಿದ್ದು ಬಿದ್ದು ನಕ್ಕರು.

“ನಮ್ ಎಸ್ರೇ ಅದ್ಕೂ ಇಕ್ಕವ್ರಲ್ಲೋ ತಂಬಿ! ನಶ್ಯ ಏರಿಸ್ತದಂತಾ?” ಎಂದರು ಇವರು.

“ಅದುಕ್ಕೆ ಜೋಡಿ ಇದೆಯಾ, ಇಲ್ಲ ಒಂಟಿನಾ? ನೋಡಿ ಅಣ್ಣಿ” ಎಂದ ತಂಬಿ.

ಒಂಟಿ ಎಂದೆ. ಇಬ್ಬರೂ ಪಾಪ ಪಾಪ ಎಂದು ಲೊಚಗುಟ್ಟಿದರು.

ಕೆಲವು ವರ್ಷ ಕಳೆದು ಬೊಂಬಾಯಿಯ ಸುದ್ದಿ ಬಂತು. ನಮ್ಮ ದೇಶದವರೇ ಅಂಥದೊಂದನ್ನು ಕಟ್ಟಿದ್ದಾರೆ, ಅದರೊಳಗೆ ರೇಡಿಯೋದಲ್ಲಿರುವಂಥ ವಾಲ್ವುಗಳು ಸಾವಿರಗಟ್ಟಲೆ ಇವೆ ಎಂದು. ತಂಬಿ ಆಗಲೂ ನಕ್ಕ. ನನ್ನ ಗಂಡ ಇನ್ನೊಂದು ಸಲ ಓದು ಅಂದರು.

ಅದೇ ಸುದ್ದಿಗಳನ್ನು ಇಂಗ್ಲಿಷಿನಲ್ಲಿ ಓದಿದ್ದ ಹೊಸ ಸಾಹೇಬರೊಬ್ಬರು ಆಫೀಸಿಗೆ ಬಂದರು. ಅವರು ತರಿಸಿದ್ದು ಯಂತ್ರಮಿದುಳಲ್ಲ. ಮೇಜಿನ ಮೇಲೆ ಕೂರುವ, ಕರೆಂಟಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಕಟಕಟ ಹಲ್ಲು ಕಡಿಯುತ್ತ ಗುಣಿಸಿ ಭಾಗಿಸುವ ಒಂದು ಡಬ್ಬಿ. ಪ್ರಪಂಚವೆಲ್ಲ ಯಂತ್ರದ ಕೈಗೆ ಲೆಕ್ಕ ಕೊಟ್ಟಿರುವಾಗ ಇಲ್ಲಿ ಒಂದು ಲೆಕ್ಕಕ್ಕೆ ಇಬ್ಬರು ಗಂಡಸರು ಯಾಕೆ ಎಂದು ಕೇಳಿದರಂತೆ. ಸರ್ವಿಸು ಹೆಚ್ಚಾಗಿದ್ದ ನನ್ನ ಗಂಡ ಉಳಿದರು. ತಂಬಿಯ ಕೆಲಸ ಹೋಯಿತು, ಮನೆ ಬಿಡಬೇಕಾಯಿತು. ಹೆಂಡತಿಯನ್ನು ಕರೆದುಕೊಂಡು ಹೋಗಿ ಬಂಗಾರಪೇಟೆಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡ. ನಿಜವಾದ ಕಂಪ್ಯೂಟರು ನಮ್ಮ ಸೀಮೆಗೆ ಆಗ ಬರಲೇ ಇಲ್ಲ. ಬರೀ ಅದರ ಸುದ್ದಿ ಬಂದು ಎರಡು ಮನೆ ಹಾಳು ಮಾಡಿತು. ಆ ಹೊಟ್ಟೆಯುರಿ ನನಗೆ ಇವತ್ತಿಗೂ ಆರಿಲ್ಲ.

ಎರಡು ಮನೆ ಯಾಕೆ ಅಂದೆನೆಂದರೆ, ಉಳಿದವರೂ ಉಳಿದ ಹಾಗಿರಲಿಲ್ಲ. “ಡಬ್ಬಿ ನಾನ್ ಕೊಟ್ಟಿದ್ದನ್ನ ಸರ್ಯಾಗ್ ಗುಣಿಸ್ತದೆ ಕಣೇ. ನಾನೇ ಆರ್ನ ಒಂಬತ್ತು ಅಂತ ಒತ್ತಿದ್ರೆ? ನೀನ್ ತಪ್ಪಿದೀಯ ಅಂತ ನಂಗ್ ಯಾರ್ ಏಳ್ತಾರೆ?” ಎಂದರು ನನ್ನ ಹತ್ತಿರ. ಸಾಹೇಬರ ಮುಂದೆ ಈ ಮಾತು ಬಾಯಿಗೆ ಬರಲಿಲ್ಲ. ಮಾಡಿದ ಲೆಕ್ಕವನ್ನೇ ಮತ್ತೆ ಮಾಡುವುದು, ಮನೆಗೆ ತಂದು ಮಾಡುವುದು, ಊಟಕ್ಕೆ ಕೂತವರು ಎದ್ದು ಹೋಗಿ ಒಂದು ಅಂಕಿ ನೋಡಿ ಬರುವುದು ಶುರುವಾಯಿತು. ತನ್ನ ತಪ್ಪನ್ನು ತಾನೇ ಎಷ್ಟು ಸಲ ನೋಡಿದರೂ ಅದು ಸರಿಯಾಗಿಯೇ ಕಾಣುತ್ತದೆ ಎನ್ನುತ್ತಿದ್ದರು.

ನಮ್ಮಲ್ಲಿ ಆಗಾಗ ಕೆಳಗೆ ಬಂಡೆ ಸಿಡಿದು ನೆಲ ನಡುಗುವುದು ಮಾಮೂಲು. ಗೂಡಿನ ಪಾತ್ರೆ ಗಡಗಡ ಅನ್ನುತ್ತದೆ, ಹೆಂಗಸರು ಒಂದು ಗಳಿಗೆ ಕೈ ತಡೆದು ಕಿವಿಗೊಡುತ್ತಾರೆ, ಸಂಗು, ಅಂದರೆ ಅಪಾಯದ ಸೈರನ್ನು, ಕೂಗದಿದ್ದರೆ ಮತ್ತೆ ಒಲೆ ಊದುತ್ತಾರೆ. ಇವರು ಮಾತ್ರ ಎಂಜಲು ಕೈಯಲ್ಲೇ ಗಣಿಬಾಯಿಯ ಶಾಫ್ಟಿನ ಕಡೆ ಓಡುತ್ತಿದ್ದರು. ಪಾಳಿಯವರು ಮೇಲೆ ಬರುವ ತನಕ ಅಲ್ಲೇ ನಿಲ್ಲುತ್ತಿದ್ದರು. ಬಂಡೆ ಸಿಡಿಯುವುದಕ್ಕೂ ನಿಮ್ಮ ಲೆಕ್ಕಕ್ಕೂ ಏನ್ರಯ್ಯಾ ಸಂಬಂಧ ಎಂದು ಆಫೀಸಿನವರು ತಿಳಿಹೇಳಿ ಬೇಸತ್ತರು. ನಾನು ಜಗಳವಾಡಿದೆ, ಅತ್ತುಕರೆದೆ, ಕಾಲಿಗೂ ಬಿದ್ದೆ. ಮನುಷ್ಯ ದಿನದಿನಕ್ಕೆ ಇಳಿದು ಹೋದರು. ಕೆಳಗಿನ ಜನರ ಜೀವದ ಮಾತು ಆಮೇಲಿನದು, ನನಗೆ ಇವರ ತಲೆ ಕೆಟ್ಟುಹೋದರೆ ಎನ್ನುವ ಭಯವೇ ಸಾಕಾಗಿತ್ತು.

ಆಗ ಅವರೇ ಒಂದು ದಾರಿ ಕಂಡುಕೊಂಡರು. ಕಷ್ಟದ ಲೆಕ್ಕದ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಭಾನುವಾರ ರೈಲು ಹತ್ತಿ ಬಂಗಾರಪೇಟೆಗೆ, ತಂಬಿಯ ಹತ್ತಿರ. ತಂಬಿ ಗಿರಣಿಯ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಾಡಿಕೊಡುತ್ತಿದ್ದ. ಎರಡೂ ಹೊಂದಿದ ವಾರ ಇವರು ಹೊಟ್ಟೆ ತುಂಬ ಉಣ್ಣುತ್ತಿದ್ದರು. ನಾನು ಆ ತಂಬಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಒಂದು ಭಾನುವಾರ ಒಂದಿಷ್ಟು ಒಬ್ಬಟ್ಟು ಕಟ್ಟಿಕೊಂಡು ನಾನೂ ಹೋದೆ. ತಂಬಿಯ ತಲೆ, ಹುಬ್ಬು ಎಲ್ಲ ತೌಡಿನ ಧೂಳು. ಒಳಗಿಂದ ಗಿರಣಿ ಯಜಮಾನ ಅವನನ್ನು ಕೂಗುತ್ತಲೇ ಇದ್ದ. ಇವರು ಚೀಟಿ ಕೊಟ್ಟರು, ತಮ್ಮ ಉತ್ತರವಿದ್ದ ಕಾಗದವನ್ನು ಮಡಿಚಿ ಹಿಡಿದುಕೊಂಡರು. ತಂಬಿ ಆ ಕಾಗದವನ್ನೇ ಕೇಳಿ ತೆಗೆದುಕೊಂಡ, ಬಿಡಿಸಿದ, ಮೇಲಿಂದ ಕೆಳಗೆ ಒಂದು ಸಲ ಕಣ್ಣಾಡಿಸಿದ. ಪೆನ್ಸಿಲ್ ಮುಟ್ಟಲಿಲ್ಲ.

“ಸರಿಯಾ ಇದೆ ಅಣ್ಣಾ” ಅಂದ.

“ನೀನ್ ಲೆಕ್ಕ ಮಾಡ್ಲೇ ಇಲ್ವಲ್ಲ ತಂಬಿ.”

“ಲಾಗರಿತಮ್ ಬುಕ್ಕು ಮಾರಿಬಿಟ್ಟೆ ಅಣ್ಣಾ. ನಾನು ಈಗ ಕಂಪ್ಯೂಟರ್ ಅಲ್ಲ. ನನ್ನ ಬಿಟ್ಟುಬಿಡಿ.” ಕಾಗದವನ್ನು ಮೊದಲಿದ್ದ ಹಾಗೇ ಮಡಿಚಿ ಇವರ ಕೈಗಿಟ್ಟ. “ನೀವು ಯಾವತ್ತೂ ತಪ್ಪು ಮಾಡಿಲ್ಲ ಅಣ್ಣಾ.”

ಇವರು ಅವನ ಭುಜ ಮುಟ್ಟಿ ಎದ್ದರು. ಒಬ್ಬಟ್ಟಿನ ಗಂಟು ಅಲ್ಲೇ ಇಟ್ಟು ನಾನೂ ಹಿಂದೆ ಬಂದೆ. ಇವರು ಮತ್ತೆ ಬಂಗಾರಪೇಟೆಗೆ ಹೋಗುವ ಮಾತು ಎತ್ತಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಅಂಗಳ ಸಾರಿಸುತ್ತಿದ್ದಾಗ ಆಫೀಸಿಗೆ ಹೊರಟವರು ಬಾಗಿಲಲ್ಲಿ ನಿಂತರು. ಕೈಯಲ್ಲಿ ಕಾಗದ.

“ಒಸಿ ನೋಡೇ. ಸರಿ ಐತಾ?”

“ನಂಗೇನ್ ಗೊತ್ತಾಗ್ತದೆ ಇದು?”

“ನೋಡಿ ಒಂದ್ ಮಾತ್ ಏಳು.”

ಸೆಗಣಿ ಕೈ ತೊಳೆದುಕೊಂಡು ಬಂದು ಕಾಗದ ತೆಗೆದುಕೊಂಡೆ. ಉದ್ದುದ್ದ ಅಂಕಿಗಳು, ನಡುನಡುವೆ ಸೈನು, ಕೊಸೈನು. ಬೇಗ ಹೇಳಿದರೆ ನಂಬಲಾರರು ಎಂದು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನಿಧಾನವಾಗಿ ಕೆಳಗಿನ ತನಕ ಬಂದೆ.

“ಸರಿ ಐತೆ” ಅಂದೆ.

ಕಾಗದವನ್ನು ಜೇಬಿಗಿಟ್ಟುಕೊಂಡು ಹೋದರು. ಆಮೇಲೆ ದಿನವೂ ಕೇಳುತ್ತಿದ್ದರು, ನಾನು ದಿನವೂ ಬೆರಳಿಟ್ಟು ನೋಡಿ ಅದನ್ನೇ ಹೇಳುತ್ತಿದ್ದೆ. ನನಗೆ ಒಂದು ಅಕ್ಷರವೂ ಅರ್ಥವಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತು ಎನ್ನುವುದು ನನಗೂ ಗೊತ್ತಿತ್ತು. ಆ ಕಾಗದ ಹಿಡಿದುಕೊಂಡೇ ಕೆಳಗೆ ಜನ ಬಂಡೆ ಕೊರೆಯುತ್ತಿದ್ದರು.